ಅರ್ಧ ಸೆಕೆಂಡಿಗೆ ಹನ್ನೊಂದು ದಿನ

ಕಾಯುವುದು ನನಗೆ ಮೊದಲಿನಿಂದಲೂ ಆಗದು. ಬಸ್ಸು ಎರಡು ನಿಮಿಷ ತಡವಾದರೆ ನಡೆದೇ ಹೊರಟುಬಿಡುತ್ತೇನೆ. ಅರ್ಧ ದಾರಿಯಲ್ಲಿ ಅದೇ ಬಸ್ಸು ನನ್ನನ್ನು ದಾಟಿ ಹೋಗುತ್ತದೆ, ಆ ಮಾತು ಬೇರೆ. ಅಂಥ ನನಗೆ ಇಪ್ಪತ್ತಾರು ವರ್ಷದಿಂದ ಕಾಯುವುದೇ ಕೆಲಸ. ತಾಂಪೆರೆಯ ನಮ್ಮ ಪ್ರಯೋಗಾಲಯದಲ್ಲಿ ಲೆಕ್ಕ ಹಾಕುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ರೌನಿ ಅಂದರೆ ನಾನೇ. ಸಂಶೋಧಕರು ಲೆಕ್ಕ ಕೊಡುತ್ತಾರೆ, ನನ್ನ ತಣ್ಣನೆಯ ಕೋಣೆಯಲ್ಲಿ ಪೇರಿಸಿಟ್ಟ ನಲವತ್ತು ಕಂಪ್ಯೂಟರುಗಳು ಗುಂಯ್ ಎನ್ನುತ್ತ ಅದನ್ನು ಮಾಡುತ್ತವೆ, ನಾವೆಲ್ಲ ಕಾಫಿ ಕುಡಿಯುತ್ತ ಕಾಯುತ್ತೇವೆ. ನಮ್ಮ ದೇಶದಲ್ಲಿ ಇಷ್ಟೊಂದು ಕಾಫಿ ಖರ್ಚಾಗುವುದಕ್ಕೆ ನಮ್ಮ ಪ್ರಯೋಗಾಲಯವೂ ಒಂದು ಕಾರಣ ಎಂದು ನನಗೆ ಗುಮಾನಿ.

ನಾವು ಲೆಕ್ಕ ಹಾಕುವುದು ದೊಡ್ಡ ವಿದ್ಯುತ್ಕಾಂತಗಳನ್ನು. ತಂತಿಯ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟರೆ ಅದರೊಳಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಎಲ್ಲ ಸುಖವಾಗಿರುವಾಗ ಎಲ್ಲೋ ಒಂದು ಮೂಲೆಯಲ್ಲಿ ತಂತಿ ಚೂರೇ ಚೂರು ಬೆಚ್ಚಗಾಗುತ್ತದೆ. ಅಷ್ಟು ಸಾಕು. ಆ ಜಾಗ ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ, ಅಡ್ಡ ನಿಂತಷ್ಟೂ ಬಿಸಿಯಾಗುತ್ತದೆ, ಕೊನೆಗೆ ಕಾಂತದಲ್ಲಿ ತುಂಬಿಟ್ಟ ಶಕ್ತಿಯೆಲ್ಲ ಆ ಒಂದು ಜಾಗದ ತಲೆಯ ಮೇಲೆ ಬಂದು ಬೀಳುತ್ತದೆ. ಕಾಂತಕ್ಕೆ ಪ್ರಜ್ಞೆ ತಪ್ಪಿತು ಎನ್ನುತ್ತೇವೆ ನಾವು. ಇಷ್ಟೆಲ್ಲ ನಡೆಯುವುದು ಅರ್ಧ ಸೆಕೆಂಡಿನಲ್ಲಿ. ಆ ಅರ್ಧ ಸೆಕೆಂಡಿನಲ್ಲಿ ವಿದ್ಯುತ್ತು, ಕಾಂತಕ್ಷೇತ್ರ, ಶಾಖ ಮೂರೂ ಒಂದನ್ನೊಂದು ಎಳೆದಾಡುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಲೆಕ್ಕ ಹಾಕುವಂತಿಲ್ಲ. ಹಾಗಾಗಿ ಕಂಪ್ಯೂಟರು ಅರ್ಧ ಸೆಕೆಂಡನ್ನು ಒಂದು ಲಕ್ಷ ಚೂರು ಮಾಡಿ, ಒಂದೊಂದು ಚೂರಿಗೂ ಮೂರನ್ನೂ ಲೆಕ್ಕ ಹಾಕಿ ಮುಂದಕ್ಕೆ ಹೋಗುತ್ತಿತ್ತು. ಅರ್ಧ ಸೆಕೆಂಡಿನ ಕಥೆ ಹೇಳಿ ಮುಗಿಸುವುದಕ್ಕೆ ಅದಕ್ಕೆ ಹನ್ನೊಂದು ದಿನ ಬೇಕಾಗುತ್ತಿತ್ತು.

ಸೈಮಿ ನಮ್ಮಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ. ಸಣ್ಣ ಆಳು, ದೊಡ್ಡ ಕನ್ನಡಕ, ಯಾವಾಗಲೂ ಒಂದು ಕಾಲುಚೀಲ ಮಾತ್ರ ಸರಿಯಾಗಿ ಏರಿಸಿಕೊಂಡಿರುತ್ತಿದ್ದಳು. ಅವಳು ನಾಲ್ಕು ವರ್ಷ ಕೂತು ಯೋಚಿಸಿದ್ದು ಕಾಗದದಷ್ಟು ತೆಳುವಾದ ಒಂದು ಉಕ್ಕಿನ ಪಟ್ಟಿಯನ್ನು. ಕಾಂತಕ್ಕೆ ಪ್ರಜ್ಞೆ ತಪ್ಪಿದ ಕೂಡಲೇ ವಿದ್ಯುತ್ತು ಹರಿದು ಆ ಪಟ್ಟಿ ಬಿಸಿಯಾಗಿ ಇಡೀ ಸುರುಳಿಯನ್ನು ಒಟ್ಟಿಗೆ ಬೆಚ್ಚಗೆ ಮಾಡಬೇಕು. ಒಂದು ಜಾಗದ ಮೇಲೆ ಬೀಳುವ ಭಾರವನ್ನು ಸುರುಳಿಯೆಲ್ಲ ಹಂಚಿಕೊಳ್ಳಬೇಕು. ಇಂಥ ಪಟ್ಟಿಗಳು ಮೊದಲೂ ಇದ್ದವು, ಆದರೆ ಅವನ್ನು ಸುರುಳಿಯ ಹೊರಮೈಗೆ ಅಂಟಿಸುತ್ತಿದ್ದರು. ಸೈಮಿ ತನ್ನದನ್ನು ಸುರುಳಿಯ ಎರಡು ಪದರಗಳ ನಡುವೆ ತೂರಿಸಿದ್ದಳು. ಆ ವರ್ಷ ಇಟಲಿಯ ಒಂದು ಕಾರ್ಯಾಗಾರದಲ್ಲಿ ನಿಜವಾದ ಕಾಂತವೊಂದರ ಸುರುಳಿ ಸುತ್ತುತ್ತಿದ್ದರು. ಅಲ್ಲಿನ ಮುಖ್ಯಸ್ಥೆ ಓರ್ನೆಲ್ಲಾ, ಲೆಕ್ಕ ಸರಿ ಬಂದರೆ ನಿಮ್ಮ ಹುಡುಗಿಯ ಪಟ್ಟಿಯನ್ನೇ ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅತಿ ಬಿಸಿಯಾದ ಜಾಗ ಮುನ್ನೂರೈವತ್ತು ಕೆಲ್ವಿನ್ ದಾಟಬಾರದು, ಅದೊಂದೇ ಅವಳ ಷರತ್ತು. ಸುರುಳಿ ಸುತ್ತಿ ಪಟ್ಟಿ ಇಟ್ಟಾದ ಮೇಲೆ ಅದರ ಮೇಲೆ ರಾಳ ಸುರಿಯುತ್ತಾರೆ. ರಾಳ ಗಟ್ಟಿಯಾಯಿತೆಂದರೆ ಆಮೇಲೆ ದೇವರು ಬಂದರೂ ಒಳಗೆ ಏನನ್ನೂ ಹಾಕುವಂತಿಲ್ಲ, ಒಳಗಿನದನ್ನು ತೆಗೆಯುವಂತಿಲ್ಲ.

ರಾಳ ಸುರಿಯಬೇಕಾಗಿದ್ದದ್ದು ಜುಲೈ ಮೊದಲ ವಾರ. ಜೂನಿನಲ್ಲಿ ಬರುವ ನಮ್ಮ ನಡುಬೇಸಗೆಯ ಯುಹಾನುಸ್ ಹಬ್ಬದ ವಾರದ ಸೋಮವಾರ ಬೆಳಿಗ್ಗೆ ಓರ್ನೆಲ್ಲಾಳ ಸಂದೇಶ ಬಂತು. ತರಿಸಿಟ್ಟ ರಾಳದ ಅವಧಿ ಮುಗಿಯುತ್ತ ಬಂದಿದೆ, ಹೊಸದು ಸಿಗಲು ಶರತ್ಕಾಲವಾಗುತ್ತದೆ, ಆದ್ದರಿಂದ ಈ ಗುರುವಾರವೇ ನಿಮ್ಮ ಗಡಿಯಾರದ ಒಂದು ಗಂಟೆಗೆ ಸುರಿಯುತ್ತೇವೆ, ಅಷ್ಟರೊಳಗೆ ನಿಮ್ಮ ಲೆಕ್ಕ ಕೈಗೆ ಬಾರದಿದ್ದರೆ ಹಳೆಯ ಪಟ್ಟಿಯನ್ನೇ ಹಾಕುತ್ತೇವೆ, ಬೇಸರಿಸಬೇಡಿ ಎಂದಿತ್ತು.

ಸೈಮಿ ಬೆರಳೆಣಿಸಿದಳು. ಗುರುವಾರಕ್ಕೆ ಮೂರು ದಿನ. ಲೆಕ್ಕಕ್ಕೆ ಹನ್ನೊಂದು ದಿನ. ಮತ್ತೊಮ್ಮೆ ಎಣಿಸಿದಳು, ಎರಡನೆಯ ಸಲ ಬೆರಳುಗಳು ಹೆಚ್ಚೇನೂ ಆಗಲಿಲ್ಲ. ಇಂಥ ಇನ್ನೊಂದು ಕಾಂತವನ್ನು ಈ ಹತ್ತು ವರ್ಷದಲ್ಲಿ ಯಾರೂ ಕಟ್ಟುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅವಳ ಪಟ್ಟಿ ಈ ಗುರುವಾರ ಒಳಗೆ ಹೋಗದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ಆ ಸಾಲಿನ ವಿಷಯ ಹೇಳಬೇಕು. ನಮ್ಮಲ್ಲಿ ಯಾರೂ ಲೆಕ್ಕದ ಕಡತವನ್ನು ಮೊದಲಿನಿಂದ ಬರೆಯುವುದಿಲ್ಲ. ಹಿಂದಿನವರದನ್ನು ನಕಲು ಮಾಡಿಕೊಂಡು ತಮ್ಮ ಕಾಂತದ ಅಳತೆಗಳನ್ನು ತುಂಬಿಸುತ್ತಾರೆ. ಅವರದನ್ನು ಮುಂದಿನವರು ನಕಲು ಮಾಡಿಕೊಳ್ಳುತ್ತಾರೆ. ಹೀಗೆ ಕೈಯಿಂದ ಕೈಗೆ ಬಂದ ಆ ಕಡತದ ನಡುವೆ ಒಂದು ಸಾಲಿತ್ತು. ಕಾಲದ ಚೂರು ಎಷ್ಟು ದೊಡ್ಡದಿರಬಹುದು ಎಂಬುದನ್ನು ನಿಗದಿ ಮಾಡುವ ಸಾಲು ಅದು: ಐದು ಮೈಕ್ರೊಸೆಕೆಂಡು, ಅದಕ್ಕಿಂತ ದೊಡ್ಡದು ಕೂಡದು. ಅದರ ಪಕ್ಕದಲ್ಲಿ, 'ಇದನ್ನು ಮುಟ್ಟಬೇಡಿ. – ಸುಲೋ.'

ಸುಲೋ ನಮ್ಮಲ್ಲೇ ಇದ್ದವನು. ಇಂಥ ಲೆಕ್ಕದಲ್ಲಿ ಅವನಷ್ಟು ಚೂಟಿಯಾದ ಇನ್ನೊಬ್ಬನನ್ನು ನಾನು ನೋಡಿಲ್ಲ. ಒಂಬತ್ತು ವರ್ಷದ ಹಿಂದೆ ಒಂದು ಶುಕ್ರವಾರ ರಾಜೀನಾಮೆ ಕೊಟ್ಟು, ತನ್ನ ಕಾಫಿ ಲೋಟ ತೊಳೆದು ಕಪಾಟಿನಲ್ಲಿಟ್ಟು ಹೊರಟುಹೋದ. ಬೀಳ್ಕೊಡುಗೆಯ ಕೇಕೂ ಇರಲಿಲ್ಲ. ಉತ್ತರದ ಕಡೆ ರುವೋವೆಸಿಯಲ್ಲಿ, ಸರೋವರದ ದಂಡೆಯಲ್ಲಿ ಒಂದು ಮರದ ಮನೆ ಮಾಡಿಕೊಂಡು ಹಳೆಯ ದೋಣಿಗಳನ್ನು ರಿಪೇರಿ ಮಾಡುತ್ತಾನೆ ಎಂದು ಆಮೇಲೆ ಕಿವಿಗೆ ಬಿತ್ತು. ಅವನ ಸಾಲು ಮಾತ್ರ ನಮ್ಮಲ್ಲೇ ಉಳಿಯಿತು. ಮುಟ್ಟಿದರೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮುಟ್ಟಬೇಡಿ ಎಂದು ಸುಲೋ ಬರೆದಿದ್ದಾನೆ ಎಂದರೆ ಏನೋ ಕಂಡೇ ಬರೆದಿರಬೇಕು ಎಂದು ಏಳು ಜನ ಡಾಕ್ಟರೇಟಿನವರು ಅದಕ್ಕೆ ಕೈ ಮುಗಿದು ಹನ್ನೊಂದು ಹನ್ನೊಂದು ದಿನ ಕಾದರು.

ಸೈಮಿ ನೇರ ಎನ್ಸಿಯೋನ ಹತ್ತಿರ ಹೋದಳು. ಎನ್ಸಿಯೋ ನಮ್ಮ ಮುಖ್ಯಸ್ಥ, ಅರವತ್ತೆರಡರ ಮನುಷ್ಯ, ದಿನಕ್ಕೆ ನಾಲ್ಕು ವಾಕ್ಯ ಆಡುತ್ತಾನೆ, ಅದರಲ್ಲಿ ಎರಡು ಹವೆಯ ಬಗ್ಗೆ. ಆ ಸಾಲನ್ನು ಬದಲಿಸಿದರೆ ಲೆಕ್ಕ ಬೇಗ ಮುಗಿಯಬಹುದು ಎಂದು ಅವಳು ಹೇಳಿದಳು. ಯಾಕಿದೆ ಅಂತ ಗೊತ್ತಿಲ್ಲದ್ದನ್ನು ತೆಗೆದು ಹಾಕಿದ ಲೆಕ್ಕಕ್ಕೆ ತಾನು ಸಹಿ ಮಾಡುವುದಿಲ್ಲ ಎಂದ ಅವನು. ಅವನ ಮಾತು ತಪ್ಪಲ್ಲ. ಕಾಂತವೊಂದು ಸುಟ್ಟುಹೋದರೆ ಮತ್ತೆ ಬರುವುದಿಲ್ಲ.

"ಹಾಗಾದ್ರೆ ಸುಲೋನನ್ನೇ ಕೇಳೋಣ" ಎಂದೆ ನಾನು.

ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿದರು. ನಮ್ಮವರ ಸ್ವಭಾವವೇ ಹಾಗೆ. ಒಬ್ಬ ಮನುಷ್ಯ ಕಾಡಿನ ನಡುವೆ ನೀರಿನ ದಂಡೆಗೆ ಹೋಗಿ ಕೂತನೆಂದರೆ ಅವನಿಗೆ ಮನುಷ್ಯರು ಸಾಕಾಗಿದೆ ಎಂದು ಅರ್ಥ ಮಾಡಿಕೊಂಡು ಅವನ ಪಾಡಿಗೆ ಅವನನ್ನು ಬಿಡುವುದೇ ಮರ್ಯಾದೆ. ಕರೆಯದೆ ಹೋಗುವುದು ಕಳ್ಳತನಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೆ. ಅದರಲ್ಲೂ ಯುಹಾನುಸ್ ವಾರದಲ್ಲಿ. ಒಂಬತ್ತು ವರ್ಷದಿಂದ ಅವನಿಗೆ ಒಂದು ಫೋನು ಮಾಡಲು ಯಾರಿಗೂ ಹೊಳೆದಿರಲಿಲ್ಲ, ಹೊಳೆದವರಿಗೆ ಧೈರ್ಯವಿರಲಿಲ್ಲ. ನಾನೂ ಅವರಲ್ಲೊಬ್ಬಳು. ಪಕ್ಕದ ಕೋಣೆಯಲ್ಲಿ ಹದಿನೇಳು ವರ್ಷ ಕೂತವನು ಹೊರಟುಹೋದಾಗ ಯಾಕೆ ಎಂದು ನಾನು ಕೇಳಲಿಲ್ಲ. ಅವನಿಗೆ ತೊಂದರೆಯಾದೀತು ಎಂದುಕೊಂಡೆ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅವನ ನಂಬರೂ ಯಾರ ಹತ್ತಿರವೂ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಸೈಮಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಖಾಲಿ ಕೈಯಲ್ಲಿ ಹೋಗಬಾರದೆಂದು ಸಂತೆಯಲ್ಲಿ ನಮ್ಮೂರಿನ ಉದ್ದನೆಯ ಕರಿ ಸಾಸೇಜು ಎರಡು, ಒಂದು ಡಬ್ಬಿ ಲಿಂಗನ್ ಹಣ್ಣಿನ ಜಾಮು ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಸೈಮಿ ಅವನ ಮುಂದೆ ಆಡಬೇಕಾದ ಮಾತನ್ನು ಗುನುಗುತ್ತಿದ್ದಳು. ಕ್ಷಮೆ ಕೇಳುವುದರಿಂದ ಶುರುವಾಗಿ ಕ್ಷಮೆ ಕೇಳುವುದರಲ್ಲೇ ಮುಗಿಯುತ್ತಿತ್ತು ಅದು. ನಡುವೆ ಪ್ರಶ್ನೆಯೇ ಇರಲಿಲ್ಲ. ನಾನು ಅವಳಿಗೆ ಜೋರು ಮಾಡಿ ಸುಮ್ಮನಾಗಿಸಿದೆ.

ಸುಲೋ ಅಂಗಳದಲ್ಲಿ ಬೋರಲು ಹಾಕಿದ ದೋಣಿಯೊಂದಕ್ಕೆ ಟಾರು ಬಳಿಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು, ಹೊಟ್ಟೆ ಇಳಿದಿತ್ತು. ಕಾರಿನ ಸದ್ದಿಗೆ ತಲೆಯೆತ್ತಿದ, ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದ.

"ಬಂದ್ಯಾ. ಕಾಫಿ ಇಡ್ತೀನಿ" ಎಂದ. ಒಂಬತ್ತು ವರ್ಷದ ಮೇಲೆ ಇಷ್ಟೇ ಮಾತು, ಅದೂ ನಿನ್ನೆ ಸಂಜೆ ಬಿಟ್ಟುಹೋದವರ ಹತ್ತಿರ ಆಡುವ ಹಾಗೆ.

ಜಗಲಿಯ ಮೇಲೆ ಕೂತು ಸಾಸೇಜು ತಿಂದೆವು. ತಾಂಪೆರೆಯದೇ ರುಚಿ ಎಂದು ಅವನು ಎರಡು ಸಲ ಹೇಳಿದ. ಮೂರನೆಯ ಲೋಟ ಕಾಫಿಯ ಹೊತ್ತಿಗೆ ಸೈಮಿ ಚೀಲದಿಂದ ಕಾಗದ ತೆಗೆದು ಅವನ ಮುಂದಿಟ್ಟಳು. ಕಡತದ ಆ ಪುಟವನ್ನು ಮುದ್ರಿಸಿ, ಆ ಸಾಲಿನ ಕೆಳಗೆ ಗೆರೆ ಎಳೆದು ತಂದಿದ್ದಳು. ಸುಲೋ ಟಾರಿನ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಓದಿದ. ಇನ್ನೊಮ್ಮೆ ಓದಿದ.

"ಇದು ಇನ್ನೂ ಇದ್ಯಾ?"

ಇದೆ ಎಂದಳು ಸೈಮಿ. ಇದರಿಂದಲೇ ಒಂದು ಲೆಕ್ಕಕ್ಕೆ ಹನ್ನೊಂದು ದಿನ ಹಿಡಿಯುತ್ತದೆ, ಇದು ಏನನ್ನು ಕಾಯುತ್ತಿದೆ ಅಂತ ತಿಳಿದರೆ ಸಾಕು ಎಂದಳು.

"ಏನನ್ನೂ ಕಾಯ್ತಿಲ್ಲ. ಇದು ಎನ್ಸಿಯೋಗೆ ಬರ್ದಿದ್ದು" ಎಂದ ಸುಲೋ. "ಅವತ್ತು ಕಾಂತಕ್ಕೆ ಬರೋ ವಿದ್ಯುತ್ತು ಕಡಿಯೋಕೆ ಸ್ವಿಚ್ಚು ತೆಗೆಯೋ ಕ್ಷಣದಲ್ಲಿ ಏನಾಗುತ್ತೆ ಅಂತ ಹತ್ತಿರದಿಂದ ನೋಡ್ತಿದ್ದೆ. ಎದ್ದು ಹೋದ್ರೆ ಸಾಕು, ಅವನು ಬಂದು ಕೂತು ಏನಾದ್ರೂ ತಿರುಚ್ತಿದ್ದ. ಊಟ ಮುಗಿಸಿ ಬರೋವರೆಗೂ ಕೈ ಹಾಕದೆ ಇರ್ಲಿ ಅಂತ ಬರ್ದೆ. ತೆಗೆಯೋದು ಮರ್ತಿರ್ಬೇಕು."

ಸರೋವರದ ಮೇಲೆ ಎಲ್ಲೋ ಒಂದು ಬಾತು ಕೂಗಿತು. ಸೈಮಿ ನನ್ನ ಮುಖ ನೋಡಿದಳು. ನಾನು ಸಾಸೇಜಿನ ತಟ್ಟೆ ನೋಡಿದೆ. ಒಬ್ಬ ಮನುಷ್ಯನ ಒಂದು ಮಧ್ಯಾಹ್ನದ ಊಟಕ್ಕಾಗಿ ಏಳು ಜನರ ಎಷ್ಟು ವರ್ಷ ಹೋಯಿತು ಎಂದು ಲೆಕ್ಕ ಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ ಕೇಳಬೇಕಾದ್ದನ್ನು ಆಗ ಕೇಳಿದೆ.

"ನೀನ್ಯಾಕೆ ಬಿಟ್ಟುಹೋದೆ ಸುಲೋ?"

"ಬೇಜಾರಾಯ್ತು. ಒಂದು ಲೆಕ್ಕ ಕೊಟ್ರೆ ಹತ್ತು ಹನ್ನೊಂದು ದಿನ ಕಾಯ್ಬೇಕಾಗ್ತಿತ್ತು. ಮೊದ್ಲು ಹಾಗಿರ್ಲಿಲ್ಲ. ಕೊನೇ ಎರಡು ವರ್ಷ ಏನಾಯ್ತೋ ಗೊತ್ತಿಲ್ಲ, ಎಲ್ಲ ನಿಧಾನ. ಹುಡುಗರು ಮಾಡಿಟ್ಟ ಕಡತ ತಗೊಂಡು ಮಾಡ್ತಿದ್ದೆ, ಅವ್ರೇನೋ ಭಾರದ್ದು ಸೇರಿಸಿದಾರೆ ಅಂದ್ಕೊಂಡೆ. ಮನುಷ್ಯ ಎಷ್ಟು ದಿನ ಕಾಫಿ ಕುಡೀತಾ ಕೂತಿರ್ತಾನೆ?"

ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಮಡಿಲಲ್ಲಿದ್ದ ಕಾಗದವನ್ನು ಮತ್ತೆ ಎತ್ತಿಕೊಂಡ. ತನ್ನ ಹೆಸರನ್ನು ನೋಡಿದ. ಹುಡುಗರು ನಕಲು ಮಾಡಿಕೊಂಡದ್ದು ಅವನ ಕಡತವನ್ನು, ಅವನು ತೆಗೆದುಕೊಂಡದ್ದು ಹುಡುಗರ ಕಡತವನ್ನು. ಅವನದೇ ಸಾಲು ಸುತ್ತಿ ಬಳಸಿ ಅವನ ಕೈಗೇ ಬಂದಿತ್ತು. ಸುಲೋ ನಕ್ಕದ್ದನ್ನು ನಾನು ಹದಿನೇಳು ವರ್ಷದಲ್ಲಿ ನೋಡಿರಲಿಲ್ಲ. ಅವತ್ತು ಅವನು ಜಗಲಿಯ ಕಂಬ ಹಿಡಿದುಕೊಂಡು ನಕ್ಕ, ಕನ್ನಡಕ ಬಿತ್ತು, ಸೈಮಿ ನಗಬಹುದೋ ಇಲ್ಲವೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ನನಗೆ ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು.

"ನಂಗೆ ನಾನೇ ಬೇಜಾರು ತಂದ್ಕೊಂಡು ಬಿಟ್ಟುಬಂದೆ" ಎಂದ ಕೊನೆಗೆ, ಉಸಿರು ಸಿಕ್ಕಿದ ಮೇಲೆ.

"ಹೇಳ್ಬೋದಿತ್ತು ನೀನು."

"ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ನನ್ನ ತಪ್ಪು ಎಂದೆ. ಹೋಗ್ಲಿ ಬಿಡು ಎಂದ.

ಆಮೇಲೆ ಅವನು ಸೈಮಿಯ ಪೆನ್ಸಿಲು ಕಿತ್ತುಕೊಂಡು ಅದೇ ಕಾಗದದ ಹಿಂಬದಿಯಲ್ಲಿ ಗೀಚತೊಡಗಿದ. ಅರ್ಧ ಸೆಕೆಂಡಿನಲ್ಲಿ ಅವಸರದ ಕ್ಷಣಗಳು ಎರಡೇ ಎರಡು: ಸ್ವಿಚ್ಚು ತೆಗೆಯುವಾಗ ಒಂದು, ಪಟ್ಟಿ ಬಿಸಿಯಾಗಲು ಶುರುವಾಗುವಾಗ ಇನ್ನೊಂದು. ಅಲ್ಲಿ ಚೂರು ಸಣ್ಣದಿರಲೇಬೇಕು. ಉಳಿದ ಹೊತ್ತಿನಲ್ಲಿ ಕಾಂತದಲ್ಲಿ ಎಲ್ಲವೂ ಮೆತ್ತಗೆ ಇಳಿಯುತ್ತಿರುತ್ತದೆ. ಅಲ್ಲಿ ಇಷ್ಟುದ್ದದ ಹೆಜ್ಜೆ ಹಾಕಿದರೂ ನಡೆಯುತ್ತದೆ. ಒಂದು ಹೆಜ್ಜೆ ಇಟ್ಟು ತಪ್ಪು ಎಷ್ಟಿದೆ ಅಂತ ಕಂಪ್ಯೂಟರೇ ನೋಡಿಕೊಳ್ಳಲಿ, ತಪ್ಪು ಹೆಚ್ಚಾದರೆ ಹಿಂದೆ ಬಂದು ಸಣ್ಣ ಹೆಜ್ಜೆ ಇಡಲಿ. ಇನ್ನು ಶಾಖ. ಅದು ಸೋಮಾರಿ, ಅದನ್ನು ಪ್ರತಿ ಹೆಜ್ಜೆಗೂ ಎಬ್ಬಿಸಬೇಡಿ ಎಂದ.

"ಸೌನಾ ಬಚ್ಚಲಲ್ಲಿ ಕಾದ ಕಲ್ಲಿನ ಮೇಲೆ ನೀರು ಹಾಕ್ತೀಯ. ಆವಿ ಆ ಕ್ಷಣಕ್ಕೇ ಕಿವಿ ಸುಡುತ್ತೆ. ಗೋಡೆಯ ಮರ ಬೆಚ್ಚಗಾಗೋಕೆ ಒಂದು ಗಂಟೆ ಬೇಕು. ಕಣ್ಣು ಮಿಟುಕಿಸಿದಾಗೆಲ್ಲ ಎದ್ದು ಹೋಗಿ ಗೋಡೆ ಮುಟ್ಟಿ ನೋಡ್ತೀಯಾ?"

ಸೈಮಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಪೆನ್ಸಿಲು ಅವನ ಕೈಯಲ್ಲಿದ್ದುದರಿಂದ ನನ್ನ ತುಟಿಬಣ್ಣದ ಕಡ್ಡಿಯಿಂದ ಸಾಸೇಜು ಕಟ್ಟಿದ್ದ ಕಾಗದದ ಮೇಲೆ ಏನೋ ಲೆಕ್ಕ ಹಾಕುತ್ತಿದ್ದಳು. ಒಂದು ಲಕ್ಷ ಚೂರು ಎರಡು ಸಾವಿರಕ್ಕೆ ಇಳಿಯುತ್ತದೆ ಎಂದಳು. ಹನ್ನೊಂದು ದಿನದ ಲೆಕ್ಕ ಐದು ಗಂಟೆ ಚಿಲ್ಲರೆಗೆ. ಆ ಬಣ್ಣದ ಕಡ್ಡಿ ಆಮೇಲೆ ಯಾವ ಕೆಲಸಕ್ಕೂ ಬರಲಿಲ್ಲ.

ಎನ್ಸಿಯೋ ನಂಬಬೇಕಲ್ಲ. ಮಂಗಳವಾರ ಸಂಜೆ ವಾಪಸು ಬಂದವರೇ ಹಳೆಯ ಕಾಂತವೊಂದರ ಲೆಕ್ಕವನ್ನು ಹೊಸ ರೀತಿಯಲ್ಲಿ ಹಚ್ಚಿ ಮನೆಗೆ ಹೋದೆವು. ಆ ಕಾಂತವನ್ನು ಎರಡು ವರ್ಷದ ಹಿಂದೆಯೇ ಕಟ್ಟಿ, ಬೇಕೆಂದೇ ಪ್ರಜ್ಞೆ ತಪ್ಪಿಸಿ, ಶಾಖ ಅಳೆದಿದ್ದರು. ಬುಧವಾರ ಏಳು ಗಂಟೆಗೆ ಬಂದು ನೋಡಿದರೆ ಹೊಸ ಲೆಕ್ಕದ ಗೆರೆ ಹನ್ನೊಂದು ದಿನದ ಗೆರೆಯ ಮೇಲೇ ಕೂತಿತ್ತು. ಅಳತೆಗೂ ಅದಕ್ಕೂ ಎರಡು ಡಿಗ್ರಿ ವ್ಯತ್ಯಾಸ, ಮೊದಲೂ ಅಷ್ಟೇ ಇತ್ತು. ಎನ್ಸಿಯೋ ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದ. ಆ ಸಾಲು ತನಗೆ ಬರೆದದ್ದು ಎಂಬ ಸುದ್ದಿಯನ್ನು ನಾನು ಆಗ ಅವನಿಗೆ ಮುಟ್ಟಿಸಿದೆ, ಸ್ವಲ್ಪ ಖುಷಿಯಿಂದಲೇ. ಅವನ ಕಿವಿಗಳು ಕೆಂಪಾದವು. ತಾನೇ ಕುರ್ಚಿ ಎಳೆದುಕೊಂಡು ಕೂತು ಆ ಸಾಲನ್ನು ಅಳಿಸಿ ಹಾಕಿದ. ಅಳಿಸಿದವನೇ ಹವೆ ಚೆನ್ನಾಗಿದೆ ಎಂದ.

ಎಂಟು ಗಂಟೆಗೆ ಸೈಮಿ ತನ್ನ ಪಟ್ಟಿಯ ಲೆಕ್ಕ ಹಚ್ಚಿದಳು. ಅವತ್ತು ನಮ್ಮ ಮಹಡಿಯಲ್ಲಿ ಅರ್ಧ ಜನ ಹಬ್ಬಕ್ಕೆಂದು ಊರುಗಳಿಗೆ ಹೋಗಿಯಾಗಿತ್ತು. ಉಳಿದವರಿಗೆ ಸುದ್ದಿ ಹೇಗೋ ಹೋಗಿ, ಒಬ್ಬೊಬ್ಬರಾಗಿ ಕಾಫಿ ಕೋಣೆಗೆ ಬಂದು ಏನೂ ಕೇಳದೆ ನಿಂತುಕೊಳ್ಳುತ್ತಿದ್ದರು. ನಾನು ಏಲಕ್ಕಿ ಬನ್ನು ಬೇಯಿಸಿ ತಂದಿದ್ದೆ. ಗೆದ್ದೆವು ಎಂದೇ ನನ್ನ ಎಣಿಕೆ.

ಒಂದೂವರೆಗೆ ಲೆಕ್ಕ ಮುಗಿಯಿತು. ಅತಿ ಬಿಸಿಯಾದ ಜಾಗ: ಮುನ್ನೂರ ಎಪ್ಪತ್ತೊಂದು.

ಸೈಮಿ ಆ ಸಂಖ್ಯೆಯನ್ನು ನೋಡುತ್ತ ಕೂತಳು. ಅವಳ ಮುಖ ಬಿಳುಚಿಕೊಂಡಿತು. ಸುರುಳಿಯ ಒಳ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಇತ್ತು, ಅವಳ ಪಟ್ಟಿಯ ಬಿಸಿ ಅಲ್ಲಿಗೆ ತಡವಾಗಿ ಮುಟ್ಟುತ್ತಿತ್ತು. ತನ್ನ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ನಾಲ್ಕು ವರ್ಷ ತಪ್ಪು ಯೋಚಿಸಿದ್ದೇನೆ, ಓರ್ನೆಲ್ಲಾಗೆ ಹಳೆಯದನ್ನೇ ಹಾಕಿ ಅಂತ ಬರೆದುಬಿಡುತ್ತೇನೆ ಎಂದಳು. ದನಿಯಲ್ಲಿ ಏನೂ ಇರಲಿಲ್ಲ, ಅದೇ ನನಗೆ ತಡೆಯಲಾಗದೆ ಹೋದದ್ದು. ನಾನು ಸಮಾಧಾನ ಮಾಡುವವರ ಪೈಕಿಯಲ್ಲ. ನನಗೆ ಬರುವುದು ಬೈಯುವುದು.

"ಗಂಟೆ ಎಷ್ಟು ನೋಡು" ಎಂದೆ. "ಒಂದೂವರೆ. ಹಳೇ ಲೆಕ್ಕವಾಗಿದ್ರೆ ಈ ತಪ್ಪು ನಿಂಗೆ ಮುಂದಿನ ವಾರದ ಕೊನೇಲಿ ಗೊತ್ತಾಗ್ತಿತ್ತು. ಈಗ ತಪ್ಪಾಗಿ ಇನ್ನೂ ಐದು ನಿಮಿಷ ಆಗಿಲ್ಲ. ಪಟ್ಟಿ ಸರಿಸು, ಮತ್ತೆ ಹಚ್ಚು. ಅಳೋದಿದ್ರೆ ಯಂತ್ರ ಓಡುವಾಗ ಅಳು, ಆಗ ಹೇಗೂ ಕೆಲಸ ಇರಲ್ಲ."

ಅವಳು ನನ್ನನ್ನೇ ನೋಡಿದಳು. ಲೆಕ್ಕವನ್ನು ಇನ್ನೊಮ್ಮೆ ಹಚ್ಚಬಹುದು ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ ಎಂದು ಆಗ ನನಗೆ ಅರ್ಥವಾಯಿತು. ಹನ್ನೊಂದು ದಿನಕ್ಕೊಂದು ಉತ್ತರ ಸಿಗುವ ಕಡೆ ಬೆಳೆದವಳು. ಒಂದು ಸಲ ಕೇಳಬೇಕು, ಬಂದ ಉತ್ತರವನ್ನು ಹಣೆಬರಹ ಎಂದು ಒಪ್ಪಿಕೊಳ್ಳಬೇಕು. ಅವಳಿಗೆ ಗೊತ್ತಿದ್ದದ್ದು ಅಷ್ಟೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅಷ್ಟೆ.

ಇಟಲಿಗೆ ಫೋನು ಮಾಡಿ ವಿಚಾರಿಸಿದಳು. ಪಟ್ಟಿಯನ್ನು ಇನ್ನೂ ಅಂಟಿಸಿಲ್ಲ, ಮೇಲಿನ ಪದರವನ್ನೂ ಮುಚ್ಚಿಲ್ಲ, ನಾಳೆ ಬೆಳಿಗ್ಗೆಯವರೆಗೆ ಎಲ್ಲಿಗೆ ಬೇಕಾದರೂ ಸರಿಸಬಹುದು ಎಂದಳು ಓರ್ನೆಲ್ಲಾ. ಸೈಮಿ ಕಂಪ್ಯೂಟರಿನಲ್ಲಿ ಪಟ್ಟಿಯನ್ನು ಒಳ ಅಂಚಿನ ಕಡೆಗೆ ಹನ್ನೆರಡು ಮಿಲಿಮೀಟರು ಸರಿಸಿ ಎರಡು ಗಂಟೆಗೆ ಮತ್ತೆ ಹಚ್ಚಿದಳು. ಅಳಲಿಲ್ಲ. ನನ್ನ ಬನ್ನುಗಳಲ್ಲಿ ನಾಲ್ಕನ್ನು ತಿಂದಳು.

ಸಂಜೆ ಏಳೂವರೆಗೆ ಮುನ್ನೂರ ಐವತ್ತಾರು. ಒಳ ಅಂಚು ತಣ್ಣಗಾಗಿತ್ತು, ಈಗ ಹೊರ ಅಂಚು ಬಿಸಿ. ಈ ಸಲ ಅವಳ ಮುಖ ಬಿಳುಚಲಿಲ್ಲ. ಜಾಸ್ತಿ ಸರಿಸಿಬಿಟ್ಟೆ ಎಂದು ಗೊಣಗಿಕೊಂಡು, ಕನ್ನಡಕವನ್ನು ತಲೆಯ ಮೇಲೇರಿಸಿ ಆಗಲೇ ಮುಂದಿನ ಅಳತೆ ಬರೆಯುತ್ತಿದ್ದಳು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹೊರಡುವಾಗ ಜಗಲಿಯ ಮೇಜಿನ ಮೇಲೆ ನನ್ನ ನಂಬರು ಬರೆದಿಟ್ಟು ಬಂದಿದ್ದೆ.

"ಏನಾಯ್ತು ಅಂತ ಕೇಳೋಣ ಅಂತ ಮಾಡ್ದೆ" ಎಂದ ಸುಲೋ.

ಒಬ್ಬ ಮನುಷ್ಯ ಏನಾಯ್ತು ಅಂತ ಕೇಳಲೆಂದೇ ಫೋನು ಮಾಡಿದ್ದು ನಮ್ಮ ಪ್ರಯೋಗಾಲಯದ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ನಾನು ಆರು ಡಿಗ್ರಿ ಹೆಚ್ಚಾದ ಕಥೆ ಹೇಳುವಷ್ಟರಲ್ಲಿ ಎನ್ಸಿಯೋ ಬಾಗಿಲಲ್ಲಿ ನಿಂತಿದ್ದ. ಕೈ ಚಾಚಿದ, ಫೋನು ತೆಗೆದುಕೊಂಡು ಮೊಗಸಾಲೆಗೆ ಹೋದ. ನಲವತ್ತು ನಿಮಿಷ ಹೊರಗಿದ್ದ. ಏನು ಮಾತಾಡಿದರೋ ಗೊತ್ತಿಲ್ಲ. ಫೋನು ವಾಪಸು ಕೊಡುವಾಗ ಅದು ಬೆಚ್ಚಗಿತ್ತು, ಎನ್ಸಿಯೋ ಒಂದು ತಿಂಗಳ ವಾಕ್ಯಗಳನ್ನು ಖರ್ಚು ಮಾಡಿಬಿಟ್ಟವನ ಹಾಗೆ ಸುಸ್ತಾಗಿದ್ದ. ಸೈಮಿ ಪಟ್ಟಿಯನ್ನು ಐದು ಮಿಲಿಮೀಟರು ಹಿಂದಕ್ಕೆ ತಂದು, ಎರಡೂ ತುದಿಗಳಿಗೆ ಒಟ್ಟಿಗೇ ವಿದ್ಯುತ್ತು ಹೋಗುವ ಹಾಗೆ ಬದಲಿಸಿ ಮೂರನೆಯ ಲೆಕ್ಕ ಹಚ್ಚಿದಳು. ಹೋಗಿ ಮಲಗಿ ಎಂದು ಎಲ್ಲರನ್ನೂ ಓಡಿಸಿ ನಾನು ಬೀಗ ಹಾಕಿದೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಬಂದರೆ ನನಗಿಂತ ಮೊದಲೇ ಸೈಮಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಎನ್ಸಿಯೋ. ಬೀಗ ತೆಗೆದು ಪರದೆ ಹಚ್ಚಿದೆ. ಮುನ್ನೂರ ಮೂವತ್ತೆಂಟು. ಕೆಂಪು ಚುಕ್ಕೆ ಎಲ್ಲೂ ಇರಲಿಲ್ಲ, ಸುರುಳಿಯೆಲ್ಲ ಒಂದೇ ಸಮನೆ ಹಳದಿಯಾಗಿತ್ತು. ಎನ್ಸಿಯೋ ಕಾಗದ ಮುದ್ರಿಸಿ, ನಿಂತೇ ಸಹಿ ಮಾಡಿದ.

ಹತ್ತು ಗಂಟೆಗೆ ಓರ್ನೆಲ್ಲಾ ಪರದೆಯ ಮೇಲೆ ಬಂದಳು. ಅವಳ ಹಿಂದೆ ಕಾರ್ಯಾಗಾರದ ದೀಪಗಳು, ಮೇಜಿನ ಮೇಲೆ ಮಲಗಿಸಿದ ಸುರುಳಿ. ಅವಳು ಕಾಗದವನ್ನು ಸಾಲು ಸಾಲಾಗಿ ಓದಿದಳು. ಸೋಮವಾರ ಹನ್ನೊಂದು ದಿನ ಬೇಕು ಅಂದಿದ್ದಿರಿ, ಗುರುವಾರಕ್ಕೆ ಉತ್ತರ ಹೇಗೆ ಬಂತು ಎಂದು ಕೇಳಿದಳು. ಸೈಮಿ ಹೆಜ್ಜೆಗಳ ವಿಷಯ ಹೇಳಿದಳು, ಹಳೆಯ ಕಾಂತದ ಜೊತೆ ಹೋಲಿಸಿದ ಎರಡು ಗೆರೆಗಳನ್ನು ತೋರಿಸಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನಿಲ್ಲಿಸಲಿಲ್ಲ.

"ಇದು ಮೂರನೇ ಸಲದ್ದು" ಎಂದಳು. "ಮೊದಲೆರಡು ಸಲ ನನ್ನ ಪಟ್ಟಿ ತಪ್ಪು ಜಾಗದಲ್ಲಿತ್ತು. ಮೊದಲನೇ ಸಲ ನಿಮ್ಮ ಕಾಂತ ಸುಟ್ಟು ಹೋಗ್ತಿತ್ತು."

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ತಡವಾಗಿತ್ತು. ಓರ್ನೆಲ್ಲಾ ಕಾಗದ ಕೆಳಗಿಟ್ಟು ಕನ್ನಡಕ ತೆಗೆದಳು.

"ಮೂವತ್ತು ವರ್ಷದಿಂದ ನಂಗೆ ಲೆಕ್ಕಗಳು ಬರ್ತಿವೆ" ಎಂದಳು. "ಎಲ್ಲವೂ ಮೊದಲನೇ ಸಲವೇ ಸರಿ ಬಂದಿರ್ತವೆ. ನಾನು ಒಂದನ್ನೂ ಪೂರ್ತಿ ನಂಬಿಲ್ಲ. ನಿಮ್ಮದನ್ನ ನಂಬ್ತೀನಿ. ಆ ಎರಡು ತಪ್ಪನ್ನೂ ಕಳಿಸಿ, ನೋಡ್ಬೇಕು." ತಿರುಗಿ ಹಿಂದಿದ್ದವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರು ಬಂದು ಸುರುಳಿಯ ಮೇಲೆ ಬಾಗಿ, ಅಳತೆಪಟ್ಟಿ ಹಿಡಿದು, ಸೈಮಿಯ ಪಟ್ಟಿಯನ್ನು ಅವಳು ಬರೆದ ಜಾಗಕ್ಕೆ ಸರಿಸಿ ಅಂಟಿಸಿ, ಮೇಲಿನ ಪದರ ಮುಚ್ಚತೊಡಗಿದರು.

ಒಂದು ಗಂಟೆಗೆ ರಾಳ ಸುರಿದರು. ಜೇನಿನ ಬಣ್ಣದ್ದು, ನಿಧಾನವಾಗಿ ಇಳಿಯುತ್ತಿತ್ತು. ನಾವೆಲ್ಲ ಕಾಫಿ ಕೋಣೆಯ ಪರದೆಯಲ್ಲಿ ನೋಡುತ್ತಿದ್ದೆವು. ಸುರುಳಿ ಪೂರ್ತಿ ಮುಳುಗಿದ ಮೇಲೆ ಸೈಮಿ ಅತ್ತಳು, ಸದ್ದು ಮಾಡಿಯೇ ಅತ್ತಳು, ಎನ್ಸಿಯೋ ಅವಳ ಬೆನ್ನಿನ ಹತ್ತಿರ ಗಾಳಿಯಲ್ಲಿ ಕೈಯಾಡಿಸುತ್ತ ತಟ್ಟಲೋ ಬೇಡವೋ ಎಂದು ನಿಂತಿದ್ದ. ನಾನೇ ತಟ್ಟಿದೆ. ನನಗೆ ಆ ಹುಡುಗಿಯ ಮೇಲೆ ಎಷ್ಟು ಪ್ರೀತಿ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಮೂರು ಗಂಟೆಗೆ ಕಟ್ಟಡ ಖಾಲಿಯಾಯಿತು. ಮರುದಿನ ಯುಹಾನುಸ್; ನಾನು ದೀಪ ಆರಿಸುತ್ತ ಬಂದರೆ ಸೈಮಿ ಇನ್ನೂ ತನ್ನ ಜಾಗದಲ್ಲೇ ಕೂತು ಏನನ್ನೋ ಒತ್ತುತ್ತಿದ್ದಳು. ಕಂಪ್ಯೂಟರುಗಳ ಕೋಣೆಯ ಕಡೆಯಿಂದ ಗುಂಯ್ ಎನ್ನುವ ಸದ್ದು ಏರಿತು. ಎಲ್ಲ ಮುಗೀತಲ್ಲ, ಇನ್ನೇನು ಎಂದು ಜೋರು ಮಾಡಿದೆ.

"ಏನಿಲ್ಲ" ಎಂದಳು. "ಪಟ್ಟೀನ ಅಡ್ಡಡ್ಡ ಇಟ್ರೆ ಏನಾಗುತ್ತೆ ಅಂತ. ಯಾರಿಗೂ ಬೇಕಾಗಿಲ್ಲ ಇದು. ಸುಮ್ನೆ ಕೇಳ್ತಿದೀನಿ."

ನಾಲ್ಕು ವರ್ಷ ನನ್ನ ಕಂಪ್ಯೂಟರುಗಳ ಮುಂದೆ ಕೂತವಳು ಸುಮ್ಮನೆ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲ ಸಲ. ನಾನು ದೀಪ ಆರಿಸಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ, ಉತ್ತರ ನನಗೂ ಬೇಕಿತ್ತು.